ಮುಧೋಳದ ರಾಣಿ

ಪ್ರತಿಮಾ ಮತ್ತೆ ಮುಗ್ಗರಿಸಿದಳು. ಬಾಡಿಗೆಗೆ ತಂದು ತೊಟ್ಟ ರಾಣಿಯ ನಿಲುವಂಗಿ ಅವಳಿಗಿಂತ ಒಂದು ಗೇಣು ಉದ್ದವಿತ್ತು. ಮಸ್ಕತ್‌ನ ಕ್ಲಬ್ಬೊಂದರ ಮೈದಾನದಲ್ಲಿ ಯುರೋಪಿನ ಹಳೇ ರಾಜರ ಕಾಲದ ವೇಷ ತೊಟ್ಟು ಓಡಾಡುವ ಮೇಳ. ಅವಳ ಗಂಡ ಬಸವಪ್ರಭು ತಗಡಿನ ಕಿರೀಟ ಹೊತ್ತು ಫೋಟೊಗೆ ನಿಂತಿದ್ದ.

“ಅಂಗಿ ಮ್ಯಾಲೆತ್ತಬ್ಯಾಡ ತಂಗಿ, ಅಂಚು ಕಾಲಿಂದ ಮುಂದ ಒದಕೋತ ನಡಿ,” ಎಂದರು ಬಾಜೂ ಫ್ಲ್ಯಾಟಿನ ಹಿರಿಯ ಗೆಳೆಯ ಚನ್ನಪ್ಪ. ಅವಳಿಗೆ ತಿಳಿಯಲಿಲ್ಲ. ತೋರಿಸಲೆಂದು ಆ ಬಿಳಿ ಮೀಸೆಯ ಮನುಷ್ಯ ತಮ್ಮ ವೇಷದ ಮೇಲಂಗಿಯನ್ನೇ ಸೊಂಟಕ್ಕೆ ಸುತ್ತಿಕೊಂಡರು. ಎರಡೇ ಬೆರಳಲ್ಲಿ ಅಂಚು ಹಿಡಿದು, ಅದನ್ನು ಕಾಲಿಂದ ಮುಂದಕ್ಕೆ ಒದೆಯುತ್ತ ನಾಲ್ಕು ಹೆಜ್ಜೆ ನಡೆದು, ಕತ್ತು ಹೊರಳಿಸದೆ ಕಣ್ಣಷ್ಟನ್ನೇ ಹಿಂದಕ್ಕೆ ತಿರುಗಿಸಿದರು.

ಬಸವಪ್ರಭುವಿನ ನಗು ಅಲ್ಲೇ ನಿಂತಿತು. ಚಿಕ್ಕಂದಿನಲ್ಲಿ ಮುಧೋಳದಲ್ಲಿ ನೋಡಿದ ನಾಟಕದ ರಾಣಿ ಹೀಗೇ ತಿರುಗಿ ನೋಡಿದ್ದಳು. ಮಸ್ಕತ್‌ನ ರೂವಿ ಬಡಾವಣೆಯ ತಮ್ಮ ಮನೆಯಲ್ಲಿ ಶುಕ್ರವಾರ ಎಲ್ಲರೂ ಊಟಕ್ಕೆ ಕೂತಾಗಲೆಲ್ಲ ಅವನು ಆ ರಾಣಿಯನ್ನು ಹೊಗಳುತ್ತಿದ್ದ. “ಅಂಥಾ ಹೆಣ್ಣು ಮತ್ತ ಕಣ್ಣಿಗೆ ಬೀಳಲಿಲ್ಲ,” ಎಂದು ಪ್ರತಿಮಾಳನ್ನು ಕಾಡುತ್ತಿದ್ದ. ಚನ್ನಪ್ಪ ರೊಟ್ಟಿ ಮುರಿಯುತ್ತ ಕೇಳುತ್ತಿದ್ದರು.

“ಅಣ್ಣಾ, ಆ ರಾಣಿ ನೀವೇನ್ರಿ?” ಎಂದ ಬಸವಪ್ರಭು.

ಚನ್ನಪ್ಪ ಮೇಲಂಗಿ ಬಿಚ್ಚಿ, ಸೀರೆ ಮಡಚುವ ಹಾಗೆ ಮಡಚಿದರು. “ಆಗಿನ್ನೂ ನನಗ ಮೀಸಿ ಬಂದಿರಲಿಲ್ಲೋ.”

“ಇಷ್ಟ ವರ್ಷ ಯಾಕ ಹೇಳ್ಲಿಲ್ರಿ?”

“ಆಕಿನ್ನ ನೆನಸಾಂವ ಜಗತ್ತಿನಾಗ ನೀ ಒಬ್ಬಾಂವ ಉಳದಿದ್ದಿ, ತಮ್ಮಾ. ಹೇಳಿದ್ರ, ನೀ ಮತ್ತ ಆಕಿ ಸುದ್ದಿ ತಗೀತಿದ್ದೇನು?”