ಸುಟ್ಟ ಬಂಗುಡೆಯ ಘಮ

ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಜ್ವರ ಹಿಡಿದು ಮಲಗಿ ಎದ್ದವರು. ಅಂದು ವಾಸನೆ ಕಳೆದುಕೊಂಡ ಗ್ರೆಗರಿಯ ಮೂಗು ಮತ್ತೆ ಸರಿಹೋಗಲೇ ಇಲ್ಲ. ಪಾವ್ಲಿನ್‌ಗೆ ಅದನ್ನು ಹೇಳುವ ಧೈರ್ಯ ಅವನಿಗಾಗಲಿಲ್ಲ. ಅಡುಗೆಯೇ ಉಸಿರಾದ ಹೆಂಗಸು. ತನ್ನ ಸಾರಿನ ಘಮ ಗಂಡನನ್ನು ತಲುಪುತ್ತಿಲ್ಲವೆಂದರೆ ಕುಗ್ಗಿಹೋದಾಳು. ಹಾಗಾಗಿ ಊಟಕ್ಕೆ ಕೂತಾಗಲೆಲ್ಲ ಮೂಗರಳಿಸಿ ಆಹಾ ಅನ್ನುತ್ತಿದ್ದ.

ಒಂದು ದಿನ ಅವಳು, "ಸುಟ್ಟ ಬಂಗುಡೆಯ ಘಮ ಮೂಗಿಗೆ ಬಡಿದು ಎಷ್ಟು ಕಾಲವಾಯ್ತು ಮಾರಾಯ್ರೆ" ಅಂದಳು. ಮರುದಿನವೇ ಅವನು ಗುಜರಿಯಿಂದ ಹಳೇ ಗ್ಯಾಸ್ ಗ್ರಿಲ್ ಹೊತ್ತು ತಂದ. ವಾರವಿಡೀ ಅಂಗಳದಲ್ಲಿ ಕೂತು ತುಕ್ಕು ಉಜ್ಜಿದ, ಬರ್ನರಿನ ತೂತುಗಳಿಗೆ ಸೂಜಿ ಹಾಕಿ ಕಸ ತೆಗೆದ, ಕಪ್ಪು ಬಣ್ಣ ಬಳಿದ.

ಭಾನುವಾರ ಇಗರ್ಜಿಯಿಂದ ಬಂದವನೇ ಸಿಲಿಂಡರ್ ಜೋಡಿಸಿದ. ಪೈಪಿಗೆ ಸೋಪುನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು ಕ್ರಮ. ಹೆಂಡತಿಯ ಮೂಗಿಗಿಂತ ಸೋಪು ದೊಡ್ಡದೇ ಎಂದುಕೊಂಡು ಅವಳನ್ನೇ ಕರೆದ.

"ಸ್ವಲ್ಪ ಮೂಸಿ ನೋಡು. ಪೇಂಟಿನ ವಾಸನೆಯಲ್ಲಿ ನನಗೆ ಏನೂ ಗೊತ್ತಾಗುವುದಿಲ್ಲ."

ಮಸಾಲೆ ಮೆತ್ತಿದ ಕೈಯಲ್ಲೇ ಬಂದ ಪಾವ್ಲಿನ್ ಪೈಪಿನ ಹತ್ತಿರ ಬಗ್ಗಿದಳು. "ಇಲ್ಲ, ಏನೂ ಬರ್ತಾ ಇಲ್ಲ."

"ಸರಿಯಾಗಿ ನೋಡಿದ್ಯಾ?"

"ನನ್ನ ಮೂಗಿನ ಮೇಲೆ ಸಂಶಯವಾ ನಿಮಗೆ? ಹಚ್ಚಿ."

ಅವನು ಲೈಟರ್ ಎತ್ತಿಕೊಂಡ. ಅಷ್ಟರಲ್ಲಿ ಪಕ್ಕದ ಮನೆಯ ಜಲಜಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಂಪೌಂಡಿನ ಬಳಿ ಓಡಿ ಬಂದರು.

"ಹಚ್ಚಬೇಡಿ ಮಾರಾಯ್ರೆ. ಗ್ಯಾಸಿನ ನಾತ ನಮ್ಮ ಅಡುಗೆಮನೆವರೆಗೆ ಬಂದಿದೆ, ನಿಮಗಿಬ್ಬರಿಗೂ ಗೊತ್ತಾಗ್ಲಿಲ್ವಾ?"