ಯಜಮಾನಿ ಕೊನೆಗೆ ಮಾತಾಡಬೇಕು

“ನಿನ್ನ ಸರದಿ ಕೊನೆಗೆ. ಅಲ್ಲೀವರೆಗೂ ತುಟಿ ಪಿಟಕ್ ಅನ್ಬಾರ್ದು” ಎಂದು ಪ್ರೊಫೆಸರ್ ಅಕ್ಕ ಲ್ಯಾಪ್‌ಟಾಪಿನ ಪರದೆಯೊಳಗಿಂದಲೇ ಬೆರಳೆತ್ತಿ ಎಚ್ಚರಿಸಿದಳು. ಇತ್ತ ತನ್ನ ಲಾಂಡ್ರಿಯಲ್ಲಿ, ಯಂತ್ರಗಳನ್ನೆಲ್ಲ ನಿಲ್ಲಿಸಿ ಕೆಲಸದವರನ್ನು ಸುತ್ತ ಕೂರಿಸಿಕೊಂಡಿದ್ದ ತಂಗಿ ತಲೆಯಾಡಿಸಿದಳು. ಅಷ್ಟಕ್ಕೇ ಅವಳಿಗೆ ಅರ್ಧ ಜೀವ ಹೋದಂತಾಗಿತ್ತು. ಲಾಂಡ್ರಿಯವರು ಬೆನ್ನ ಹಿಂದೆ ಅವಳಿಗೆ ಇಟ್ಟಿದ್ದ ಹೆಸರೇ ರೇಡಿಯೋ.

ಆದರೆ ಇವತ್ತು ಬೇರೆ ದಾರಿ ಇರಲಿಲ್ಲ. ದೊಡ್ಡ ಹೋಟೆಲಿನ ಬಿಳಿ ಬೆಡ್‌ಶೀಟುಗಳ ಮೇಲೆ ಎಲ್ಲಿಂದಲೋ ಕಂದು ಚುಕ್ಕೆಗಳು ಬೀಳುತ್ತಿದ್ದವು. ಸಂಜೆಯ ಲೋಡಿನಲ್ಲೂ ಚುಕ್ಕೆ ಕಂಡರೆ ನಾಳೆಯಿಂದ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದು ಹೋಟೆಲಿನ ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದ್ದ. ಆ ಹೋಟೆಲ್ ಕೈಬಿಟ್ಟರೆ ಇಲ್ಲಿ ಕೂತವರಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ತಂಗಿ ಸೋಪು ಬದಲಿಸಿದ್ದಳು, ನೀರಿನವನ ಜೊತೆ ಜಗಳ ಆಡಿದ್ದಳು, ಎಲ್ಲರ ಮೇಲೂ ರೇಗಿ ರೇಗಿ ಗಂಟಲು ಕೆಡಿಸಿಕೊಂಡಿದ್ದಳು. ಚುಕ್ಕೆ ಮಾತ್ರ ಹಾಗೇ ಇತ್ತು.

ಅಕ್ಕನ ಬಳಿ ಒಂದು ಸಿದ್ಧಾಂತವಿತ್ತು. ಸಭೆಯಲ್ಲಿ ಯಜಮಾನರು ಮೊದಲು ಬಾಯಿ ತೆರೆದರೆ ಉಳಿದವರು ಅದನ್ನೇ ತಿರುಗಿಸಿ ಒಪ್ಪಿಸುತ್ತಾರೆ, ಆದ್ದರಿಂದ ಯಜಮಾನರು ಕೊನೆಗೆ ಮಾತಾಡಬೇಕು ಎಂಬುದು ಅದರ ಸಾರ. ಅದನ್ನೇ ಉದ್ದದ ಪ್ರಬಂಧವಾಗಿ ಬರೆದಿದ್ದಳು. ಓದಿದವರು ಇಬ್ಬರೇ ಪರೀಕ್ಷಕರು, ಅವರಲ್ಲೂ ಎರಡನೆಯವನ ಮೇಲೆ ಅವಳಿಗೆ ಅನುಮಾನ. ಇಂಥ ಪ್ರಬಂಧಗಳನ್ನು ಬೀರುವಿನಿಂದ ಬಿಡಿಸಿ ಅಂಗಡಿ, ಕಾರ್ಖಾನೆಗಳವರಿಗೆ ಮುಟ್ಟಿಸಲೆಂದೇ ಅವಳು ಆನ್‌ಲೈನ್ ಚಾನೆಲ್ ಶುರು ಮಾಡಿದ್ದು. ಇವತ್ತು ಮೊದಲ ಲೈವ್. ಬೇಕರಿಯವರು, ಗ್ಯಾರೇಜಿನವರು, ಆಸ್ಪತ್ರೆಯ ಮೇಲ್ವಿಚಾರಕರು, ನೂರಾರು ಜನ ಕಣ್ಣು ನೆಟ್ಟು ಕೂತಿದ್ದರು.

ಚುಕ್ಕೆ ಎಲ್ಲಿಂದ ಬರುತ್ತಿದೆ ಎಂದು ಅಕ್ಕ ಕೇಳಿದಳು. ಎಲ್ಲರೂ ರೂಢಿಯಂತೆ ಯಜಮಾನಿಯ ಮುಖ ನೋಡಿದರು. ಯಜಮಾನಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು. ಅವರೂ ನೆಲ ನೋಡಿದರು. ಪರದೆಯ ಕೆಳಗೆ ಕಾಮೆಂಟುಗಳು ಏರತೊಡಗಿದವು. ಸೌಂಡ್ ಬರ್ತಿಲ್ಲ. ನೆಟ್ ಹೋಯ್ತಾ. ವಿಡಿಯೋ ನಿಂತೇ ಹೋಗಿದೆ. ಅಕ್ಕನಿಗೆ ನಾಲಿಗೆ ತುರಿಸಿತು. ಆ ರೇಡಿಯೋ ಈ ಮನೆತನದ್ದೇ ತಾನೇ! ಈಗ ತಾನು ವಿವರಿಸಲು ಹೊರಟರೆ ಎಲ್ಲ ಕೆಟ್ಟಿತು ಎನ್ನಿಸಿ, ತನ್ನ ಮೈಕನ್ನು ತಾನೇ ಆರಿಸಿ, ಕೈಗಳೆರಡನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು.

ಕೊನೆಗೆ ಇಸ್ತ್ರಿ ಮಾಡುವಾಕೆ ಗಂಟಲು ಸರಿಮಾಡಿಕೊಂಡಳು. ಚುಕ್ಕೆ ನಡುವೆ ಬರುವುದಿಲ್ಲ, ಬರೀ ಅಂಚಿನಲ್ಲಿ ಎಂದು ತನ್ನ ಮಡಿಲಿಗೆ ಹೇಳಿಕೊಳ್ಳುವವಳಂತೆ ಹೇಳಿದಳು. ಯಂತ್ರದಿಂದ ತೆಗೆಯುವಾಗ ಬಟ್ಟೆ ಹಾಲಿನ ಹಾಗೆ ಇರುತ್ತದೆ, ಬೇಕಾದರೆ ಆಣೆ ಇಡುತ್ತೇನೆ ಎಂದ ಒಗೆಯುವವನು. ಒಂದು ಸಲ ಬಾಯಿ ಬಿಟ್ಟಿದ್ದೇ ತಡ, ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಂಡರು. ವ್ಯಾನ್ ಓಡಿಸುವವನು, ತನ್ನ ಕೈಗೆ ಬರುವ ಮೊದಲೇ ಚುಕ್ಕೆ ಇರುತ್ತದಲ್ಲ ಎಂದ. ಹಾಗಾದರೆ ಯಂತ್ರಕ್ಕೂ ಇಸ್ತ್ರಿ ಮೇಜಿಗೂ ನಡುವೆಯೇ ಏನೋ ಆಗುತ್ತಿದೆ. ನಡುವೆ ಏನಿದೆ? ಎಲ್ಲರ ಕಣ್ಣೂ ಗೋಡೆ ಬದಿಯ ಕಬ್ಬಿಣದ ತಳ್ಳುಗಾಡಿಗಳ ಮೇಲೆ ಹೋಯಿತು.

ಆ ಗಾಡಿಗಳನ್ನು ಯಜಮಾನಿಯೇ ಚೌಕಾಸಿ ಮಾಡಿ ಸೆಕೆಂಡ್ ಹ್ಯಾಂಡ್ ತಂದಿದ್ದಳು. ತಾನೇ ನೀಲಿ ಬಣ್ಣ ಬಳಿದು, ಬಂದವರನ್ನೆಲ್ಲ ಕರೆದು ತೋರಿಸಿದ್ದಳು.

“ಗಾಡಿ ಮೇಲೆ ನಂಗೆ ಮೊದಲೇ ಅನುಮಾನ ಇತ್ತಮ್ಮ” ಎಂದಳು ಇಸ್ತ್ರಿಯಾಕೆ. “ನೀವು ಅಷ್ಟು ಆಸೆಪಟ್ಟು ತಂದಿದ್ದು. ಹೇಗೆ ಹೇಳೋದು ಅಂತ ಸುಮ್ಮನಾದೆ.”

ಯಜಮಾನಿ ಎದ್ದಳು. ಬಾಯಿಗೆ ಒತ್ತಿಕೊಂಡಿದ್ದ ಕರವಸ್ತ್ರವನ್ನು ನೀರಲ್ಲಿ ಅದ್ದಿ, ಬಣ್ಣ ಎದ್ದಿದ್ದ ಗಾಡಿಯ ಅಂಚಿಗೆ ಗಟ್ಟಿಯಾಗಿ ಉಜ್ಜಿದಳು. ಕರವಸ್ತ್ರದ ಮೇಲೆ ತುಕ್ಕಿನ ಕಂದು ಗೆರೆ ಎದ್ದು ಕಂಡಿತು. ಅದನ್ನು ಕ್ಯಾಮೆರಾಕ್ಕೆ ಹಿಡಿದಾಗ ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು. ಈಗ ಅವಳ ಸರದಿ.

“ನಂಗೆ ಹೇಳೋಕೆ ಏನೂ ಉಳಿದೇ ಇಲ್ಲ” ಎಂದವಳೇ ನಕ್ಕುಬಿಟ್ಟಳು. ಇಡೀ ಲಾಂಡ್ರಿ ನಕ್ಕಿತು. ಗಾಡಿಗಳಿಗೆ ದಪ್ಪ ಪ್ಲಾಸ್ಟಿಕ್ ಹಾಸಲು ಹೇಳಿದಳು. ಯಂತ್ರದಲ್ಲೇ ಉಳಿದಿದ್ದ ಬಟ್ಟೆ ಹೊರಬಂದು, ಪ್ಲಾಸ್ಟಿಕ್ ಹಾಸಿದ ಗಾಡಿಯೇರಿ ಇಸ್ತ್ರಿ ಮೇಜಿಗೆ ಹೋಯಿತು. ಇಸ್ತ್ರಿಯಾಕೆ ಮೊದಲ ಬೆಡ್‌ಶೀಟನ್ನು ಕೊಡವಿ ಕ್ಯಾಮೆರಾದ ಎದುರು ಹಿಡಿದಳು. ಈ ಅಂಚಿನಿಂದ ಆ ಅಂಚಿನವರೆಗೂ ಅಪ್ಪಟ ಬಿಳಿ.

ಅತ್ತ ಅಕ್ಕ ಕುರ್ಚಿಯಿಂದ ಜಿಗಿದೇ ಬಿಟ್ಟಳು. ಇಷ್ಟು ವರ್ಷ ಬೀರುವಿನಲ್ಲಿ ಕೊಳೆತದ್ದು ಇವತ್ತು ಉಸಿರಾಡಿತಲ್ಲ ಎಂಬ ಖುಷಿ ತಡೆಯಲಾಗದೆ, ಕಣ್ಣಲ್ಲಿ ನೀರು ತುಂಬಿಕೊಂಡು ಉಪನ್ಯಾಸ ಶುರು ಮಾಡಿದಳು. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿದಳು, ಅಳಿಸಿದಳು, ಮತ್ತೆ ಹಾಕಿದಳು, ಕೈ ಬೀಸಿ ಬೀಸಿ ವಿವರಿಸಿದಳು.

ಪ್ರೊಫೆಸರ್, ನಿಮ್ಮ ಮೈಕ್ ಆಫ್ ಇದೆ ಎಂದು ಯಾರೋ ಬರೆದರು.

ಅದರ ಕೆಳಗೇ ಬೇಕರಿಯವನೊಬ್ಬ ಬರೆದ: ಇರಲಿ ಬಿಡಿ, ಅರ್ಥ ಆಯ್ತು.