ಮೂಕಹುಲಿಯ ಉಸಿರು

ಮೂಕಹುಲಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮಂಡಿಯೂರಿದಾಗ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾರಾಯಣಗೂಡದ ಮೈದಾನವೊಂದರಲ್ಲಿ ತಗಡಿನ ಮಂಟಪ, ಏಪ್ರಿಲ್ ತಿಂಗಳ ಮಧ್ಯಾಹ್ನ, ಚಿತ್ರಕಥೆ ಪುಸ್ತಕಗಳ ಮೇಳದ ಕಡೆಯ ದಿನ. “ಅರೆ, ಕ್ಯಾ ಆಕ್ಟಿಂಗ್ ಹೈ ಯಾರ್!” ಎಂದು ಒಬ್ಬ ಮೊಬೈಲ್ ಎತ್ತಿ ಹಿಡಿದ.

ಹಳದಿ ಪಟ್ಟೆಯ ಆ ವೇಷದೊಳಗೆ ಇದ್ದವನು ಅಮೋಲ್. ಮೇಜಿನ ಹಿಂದೆ ನಿಂತಿದ್ದ ಅವನ ಅಕ್ಕ ಶರ್ವರಿ ಆ ಹುಲಿಯ ಚಿತ್ರಕಥೆ ಬರೆದವಳು. ತೆಲುಗು, ಹಿಂದಿ, ಕನ್ನಡ ಎಂದು ಮೂರು ಭಾಷೆಯ ಈ ಊರಿನಲ್ಲಿ ಮಾತೇ ಆಡದ ವೀರನಿದ್ದರೆ ಎಲ್ಲರೂ ಓದುತ್ತಾರೆ ಎಂದುಕೊಂಡಿದ್ದಳು. ಓದಿದ್ದೇನೋ ನಿಜ. ಮಾತಿಲ್ಲದ ಪುಸ್ತಕ ನೋಡಿ, ಮೇಜಿನ ಮುಂದೆ ನಿಂತೇ ಎರಡು ನಿಮಿಷದಲ್ಲಿ ಮುಗಿಸಿ, ಇದ್ದಲ್ಲೇ ಇಟ್ಟು ಹೋದರು. ಇದುವರೆಗೆ ಬಂದ ನಾಲ್ಕು ಪುಸ್ತಕಗಳ ಗತಿಯೂ ಅದೇ ಆಯಿತು.

“ನಿಮ್ಮ ಹುಲಿ ಬಾಯಿ ಬಿಡಂಗಿಲ್ಲ, ಮಂದಿ ಕಿಸೆ ಬಿಚ್ಚಂಗಿಲ್ಲ,” ಎಂದು ಪ್ರಕಾಶಕ ಭರತ ಬೆಳಿಗ್ಗೆಯೇ ಹಂಗಿಸಿದ್ದ. “ಇವತ್ತ ಈ ಗುಡ್ಡಿ ಕರಗಲಿಲ್ಲಂದ್ರ ಐದನೇ ಪುಸ್ತಕ ಇಲ್ಲರೀ ಮೇಡಂ. ಹುಲಿನ್ನ ಇಲ್ಲೇ ಮಲಗಿಸಿಬಿಡೂಣು.”

ಅದಕ್ಕೇ ಈ ವೇಷ. ಹೊಲಿದವರು ಸೋದರತ್ತೆ ಕೃಷ್ಣಾಬಾಯಿ. ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ವೇಷ ಹೊಲಿದ ಕೈ. ಗುಂಡಿ, ಜಿಪ್ಪು ಅವರು ನಂಬುವುದಿಲ್ಲ. ರಂಗದ ಮೇಲೆ ಬಿಚ್ಚಿಕೊಂಡರೆ ಕಂಪನಿಯ ಮಾನ ಹೋದಂತೆ. ಹಾಗಾಗಿ ವೇಷ ತೊಡಿಸಿ, ಪಾತ್ರಧಾರಿಯ ಮೈಮೇಲೆಯೇ ಬೆನ್ನಿನ ಹೊಲಿಗೆ ಹಾಕಿಬಿಡುವುದು ಅವರ ರೂಢಿ. ಅಮೋಲನಿಗೂ ಮುಖವಾಡವನ್ನು ವೇಷದ ಕೊರಳಿಗೆ ಕೂಡಿಸಿ ಹಾಗೆಯೇ ಹೊಲಿದಿದ್ದರು. ಹುಲಿಗೆ ಬಾಯಿಲ್ಲ, ಆದ್ದರಿಂದ ಮುಖವಾಡಕ್ಕೂ ಇಲ್ಲ. ಕಣ್ಣಿಗೆ ಎರಡು ತೂತು, ಅಷ್ಟೆ.

“ಉಸಿರು ಕಟ್ಟಿದ್ರ ಏನ್ ಮಾಡ್ತೀಯೋ?” ಎಂದು ಶರ್ವರಿ ಕೇಳಿದ್ದಳು.

“ಎರಡೂ ಕೈ ತಲಿ ಮ್ಯಾಲ ಇಡ್ತೀನಿ. ಓಡಿ ಬಾ.”

ಈಗ ಕೈ ತಲೆಯ ಮೇಲಿತ್ತು. ಶರ್ವರಿ ಒಂದು ಹೆಜ್ಜೆ ಮುಂದೆ ಇಟ್ಟಳು. ಅಷ್ಟರಲ್ಲಿ ಒಬ್ಬಾಕೆ ಮೇಜಿನ ಮೇಲೆ ಬಾಗಿ, “ಆ ಪುಲಿ ಬುಕ್ಕು ಒಕಟಿ ಇವ್ವಂಡಿ,” ಎಂದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಒಂದು ಸಾಲೇ. ಆರು ದಿನದಲ್ಲಿ ಸಾಲು ಎಂಬುದನ್ನು ಆ ಮೇಜು ಕಂಡಿರಲಿಲ್ಲ. ಇದೊಂದು ಕೊಟ್ಟು ಹೋದರಾಯಿತು ಎಂದು ಕೊಟ್ಟಳು. ಮತ್ತೊಂದು ಕೈ ಬಂತು. ಅದಕ್ಕೂ ಕೊಟ್ಟಳು.

ಹುಲಿ ಮುಖವನ್ನು ಪರಚಿಕೊಂಡಿತು. ದಪ್ಪ ಕೈಗವಸಿನ ಬೆರಳುಗಳು ಬಟ್ಟೆಯ ಮೇಲೆ ಜಾರಿದವು. ಆಮೇಲೆ ಮಗ್ಗುಲಾಗಿ ಬಿದ್ದು ಕಾಲು ಬಡಿಯತೊಡಗಿತು.

“ವನ್ಸ್ ಮೋರ್!” ಎಂದು ಕೂಗಿದರು. ಶಿಳ್ಳೆ ಬಿತ್ತು.

“ಭಾಳ ಛಲೋ ಮಾಡಾಕತ್ತಾನ್ರೀ!” ಭರತ ಹಿಗ್ಗಿನಿಂದ ಹೊಸ ಕಟ್ಟು ಬಿಚ್ಚಿದ. “ನಡುವ ನಿಲ್ಲಸಬ್ಯಾಡ್ರಿ ಮತ್ತ.”

ಮಜ್ಜಿಗೆ ತರಲು ಹೋಗಿದ್ದ ಕೃಷ್ಣಾಬಾಯಿ ಆಗ ಸಾಲಿನ ತುದಿಗೆ ಬಂದರು. ಮೊದಲು ಅವರ ಕಣ್ಣಿಗೆ ಬಿದ್ದವಳು ಶರ್ವರಿ. ನೋಟ ತಮ್ಮನ ಮೇಲಿತ್ತು, ಕೈ ಪುಸ್ತಕ ನೀಡುತ್ತಿತ್ತು. ಆಮೇಲೆ ಹುಲಿ ಕಂಡಿತು. ಕಾಲು ಬಡಿಯುವುದೂ ನಿಂತಿತ್ತು.

“ಅಯ್ಯ, ಇದು ನಾಟಕ ಅಲ್ರೋ! ಸರೀರಿ! ಹುಡುಗ ಸಾಯಾಕತ್ತಾನ!”

ತಂಬಿಗೆ ಎಲ್ಲೋ ಉರುಳಿತು. ಜನರನ್ನು ಮೊಣಕೈಯಿಂದ ನೂಕಿ ಬಂದು ಅಮೋಲನನ್ನು ಬೋರಲು ಹಾಕಿದರು, ಬೆನ್ನಿನ ಹೊಲಿಗೆಗೆ ಹಲ್ಲು ಹಚ್ಚಿದರು. ಮೂವತ್ತು ವರ್ಷದ ಕೈ ಹಾಕಿದ ಹೊಲಿಗೆ, ಹಲ್ಲಿಗೆ ಜಗ್ಗಲಿಲ್ಲ. “ಕತ್ರಿ! ಲಗೂನ ಕತ್ರಿ ಕೊಡ ಶರ್ವರಿ!” ಕತ್ತರಿ ಪುಸ್ತಕಗಳ ಕೆಳಗೆಲ್ಲೋ ಇತ್ತು. ಶರ್ವರಿ ಗುಡ್ಡೆಯನ್ನೇ ನೆಲಕ್ಕೆ ಕೆಡವಿ, ಹುಡುಕಿ ತಂದಳು. ಅತ್ತೆ ಕೊರಳಿನಿಂದ ನೆತ್ತಿಯವರೆಗೆ ಸರಕ್ಕನೆ ಸೀಳಿದರು.

ಮುಖವಾಡ ಕಿತ್ತು ಮಗುಚಿದರೆ ಅಮೋಲನ ತುಟಿ ಕಪ್ಪಿಟ್ಟಿತ್ತು. ಅತ್ತೆ ಅವನ ಕೆನ್ನೆಗೆ ಬಾರಿಸಿದರು. ಏನೂ ಇಲ್ಲ. ಇನ್ನೊಮ್ಮೆ ಬಾರಿಸಿದರು. ಆಗ ಒಣಗಿದ ಬೋರಿನ ಪಂಪು ಹೊಡೆದಂತೆ ಗರ್ರೆಂದು ಒಂದು ಉಸಿರು ಒಳಗೆ ಹೋಯಿತು. ಎತ್ತಿದ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

ಅರ್ಧ ಗಂಟೆ ಕಳೆದಿರಬೇಕು. ಮಂಟಪದ ಹಿಂದೆ ಫ್ಯಾನಿನ ಎದುರು ಅಮೋಲ್ ಕೂತಿದ್ದ. ಕೃಷ್ಣಾಬಾಯಿ ಅವನ ಬೆವೆತ ಬೆನ್ನಿಗೆ ಅಂಟಿದ ದಾರದ ತುಂಡುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಭರತ ಇಣುಕಿ, “ಒಂದೂ ಉಳಿದಿಲ್ಲರೀ ಮೇಡಂ! ಐದನೇದು ಶುರು ಮಾಡ್ರಿ,” ಎಂದು ಹೇಳಿ ಓಡಿದ.

ಅಮೋಲ್ ತಲೆ ಎತ್ತಿದ. ದನಿ ಇನ್ನೂ ಒಡಕಾಗಿತ್ತು.

“ಅಕ್ಕಾ, ನಾ ತಲಿ ಮ್ಯಾಲ ಕೈ ಇಟ್ಟದ್ದು ನಿನಗ ಕಾಣಲಿಲ್ಲೇನ?”

“ಭಾಳ ಗದ್ದಲ ಇತ್ತೋ,” ಎಂದಳು ಶರ್ವರಿ. “ಕಾಣಲಿಲ್ಲ.”

ಅವನ ಬೆನ್ನ ಮೇಲೆ ಕೃಷ್ಣಾಬಾಯಿಯ ಬೆರಳು ನಿಂತಿತು.